ಅತ್ತೆಮನೆಯ ಆಕಳಿಗೆ ಉಪಚಾರ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಹೊಗೆಯಾಡತೊಡಗಿದ ಮೊದಲ ವರ್ಷಗಳಲ್ಲಿ ಆ ಹೊಗೆಗಿಂತ ಎತ್ತರಕ್ಕೇರಿದ್ದು ಕಾರ್ಮಿಕ ಈಶಪ್ಪನ ಕೀರ್ತಿ. ಕಾರಣ ಇಷ್ಟೆ: ಅವನು ತನ್ನ ಆಕಳನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದ. ‘ಏಳ್ರಿ, ಹಿಂದಕ ಸರೀರಿ, ನೀರ ಕುಡೀರಿ.’ ಮೇಸ್ತ್ರಿಗೂ ಸಿಗದ ಮರ್ಯಾದೆ ಅದು. ಆಕಳ ಅಪ್ಪಣೆಯಾಗದೆ ಕಾರ್ಖಾನೆಯ ಭೋಂಗಾ ಕೂಗುವುದಿಲ್ಲ ಎಂಬಲ್ಲಿಗೆ ಕತೆ ಬೆಳೆದು, ಗೋವೆಯ ಗಡಿಯಲ್ಲಿದ್ದ ಅನಮೋಡದ ನಾಕೆಯನ್ನೂ ದಾಟಿತೆಂದು ಬಲ್ಲವರು ಹೇಳುತ್ತಿದ್ದರು.

ಅವನಾದರೂ ಏನು ಮಾಡಿಯಾನು? ಆಕಳು ಅತ್ತೆಮನೆಯದು. ಹೆಂಡತಿ ಕಾಶೆವ್ವ ಬಾಣಂತನಕ್ಕೆ ಧಾರವಾಡದ ಕಡೆಯ ತವರಿಗೆ ಹೋಗಿದ್ದಳು. ಮಗಳು ಕೂಸಿನೊಂದಿಗೆ ಮರಳುವ ಹೊತ್ತಿಗೆ ಮನೆಯಲ್ಲಿ ಹಾಲಿರಲೆಂದು ಅತ್ತೆ ಮಾಲವ್ವ ಆಕಳನ್ನು ಕರುವಿನ ಸಮೇತ ಮೊದಲೇ ಅಟ್ಟಿದ್ದಳು. ಬೀಗರ ಕಡೆಯಿಂದ ಬಂದವರಿಗೆ ಒಣಹುಲ್ಲು ಬಡಿಸುವುದುಂಟೆ? ಈಶಪ್ಪ ಶೇಂಗಾ ಹಿಂಡಿ, ನೆನೆಸಿದ ಹತ್ತಿಕಾಳು, ಬೂಸಾ ಬುಟ್ಟಿಗಟ್ಟಲೆ ಸುರಿದ. ‘ತಗೋರಿ, ಸಂಕೋಚ ಮಾಡಬ್ಯಾಡ್ರಿ’ ಎಂದ. ಆಕಳು ಮಾಡಲಿಲ್ಲ.

ಕಾಶೆವ್ವ ಕೂಸನ್ನೆತ್ತಿಕೊಂಡು ಬಸ್ಸಿಳಿದ ದಿನ ಆಕಳು ಮೆಲುಕು ನಿಲ್ಲಿಸಿತ್ತು. ಸಗಣಿ ನೀರಾಗಿತ್ತು, ಹಾಲು ಚೊಂಬಿನ ತಳಕ್ಕಿಳಿದಿತ್ತು. ದೃಷ್ಟಿ ತಾಗಿದೆಯೆಂದು ನೆರೆಮನೆಯ ದುರ್ಗಪ್ಪ ಉಳವಿ ಚೆನ್ನಬಸವಣ್ಣನಿಗೆ ಹರಕೆ ಹೊರಿಸಿದ್ದ. ಆಕಳು ಸತ್ತರೆ ಅತ್ತೆಗೆ ಯಾವ ಮುಖ ತೋರಿಸಲಿ ಎಂದು ಈಶಪ್ಪ ಊಟ ಬಿಟ್ಟಿದ್ದ.

“ಏನ್ ಹಾಕೀರಿ ಇದಕ್ಕ?” ಕಾಶೆವ್ವ ಕೇಳಿದಳು.

“ಹಿಂಡಿ, ಹತ್ತಿಕಾಳು. ಏನೂ ಕಡಿಮಿ ಮಾಡಿಲ್ಲ.”

“ಹುಲ್ಲು?”

“ನಿಮ್ಮವ್ವ ಕಳಿಸಿದ್ದಕ್ಕ ಹುಲ್ಲು ಹೆಂಗ ಹಾಕ್ಲಿ?”

“ನಮ್ಮವ್ವ ಆಕಳಾ ಕಳಿಸ್ಯಾಳ್ರಿ, ತಾನು ಬಂದಿಲ್ಲ. ನಿಮಗ ಮೂರೂ ಹೊತ್ತು ಬರೇ ಹೋಳಿಗಿ ಹಾಕಿದ್ರ ನೀವು ಏಳತಿದ್ರೇನು?”

ಬುಟ್ಟಿ ಒಳಗೆ ಹೋಯಿತು, ಭತ್ತದ ಹುಲ್ಲು ಹೊರಗೆ ಬಂತು. ಈಶಪ್ಪ ಕೋಟೆ ಕಳೆದುಕೊಂಡ ಸೇನಾಪತಿಯಂತೆ ಗೋದಲಿಯ ಮುಂದೆ ಕುಕ್ಕರಿಸಿದ. ಆಕಳು ಮೂಸಿ ಮುಖ ತಿರುಗಿಸಿತು. ಸಂಜೆ ನಾಲ್ಕೆಳೆ ಎಳೆಯಿತು. ಮರುದಿನ ಬೆಳಿಗ್ಗೆ ಅದರ ಗಂಟಲಲ್ಲಿ ಉಂಡೆಯೊಂದು ಮೇಲೇರಿ ದವಡೆ ಆಡತೊಡಗಿದಾಗ, ಈಶಪ್ಪ ಬಿಟ್ಟ ಉಸಿರಿಗೆ ಗೋದಲಿಯೊಳಗಿನ ಹುಲ್ಲಿನ ಚೂರೆಲ್ಲ ಹಾರಿತು. ಅಂದು ಅವನೂ ಎರಡು ರೊಟ್ಟಿ ಹೆಚ್ಚು ತಿಂದ.

ಮುಂದೆ ಹೊಟ್ಟೆತುಂಬ ಹುಲ್ಲು ಮೊದಲು. ಹಿಂಡಿ ಆಮೇಲೆ, ಹಾಲು ಕರೆಯುವ ಹೊತ್ತಿಗೆ, ಅದೂ ಅಳತೆಯಲ್ಲಿ. ಹಾಲು ಮೊದಲಿನಷ್ಟಾಯಿತು. ಅಮಾವಾಸ್ಯೆಗೆ ಮಾಲವ್ವ ಬಂದಳು. ಆಕಳು ಸಾವಿನ ದವಡೆಯಿಂದ ಪಾರಾದ ವೃತ್ತಾಂತವನ್ನು ದುರ್ಗಪ್ಪ ಹರಕೆ, ವಿಭೂತಿ, ಕನಸು ಎಲ್ಲ ಸೇರಿಸಿ ಬಣ್ಣಿಸಿದ. ಆಕೆ ಬೆರಗಾಗಿ ಅಳಿಯನತ್ತ ತಿರುಗಿದಳು.

“ಅಳಿಯಾರ, ಅಂಥಾದ್ದೇನ್ ಮಾಡಿದ್ರಿ?”

ಈಶಪ್ಪ ಹೆಡಕು ತುರಿಸಿಕೊಂಡ.

“ಹುಲ್ಲು ಹಾಕಿದ್ನಿರಿ, ಅತ್ತಿ.”