ಲಾರಿ ಹತ್ತಿ ಬಂದ ದೊರೆ ಅಜ್ಜ

ಸತ್ತು ತೊಂಬತ್ತು ವರ್ಷವಾದ ಮೇಲೆ ಲಾರಿ ಹತ್ತಿ ಊರು ಬಿಟ್ಟ ಒಬ್ಬರನ್ನು ನೋಡಲು ಈ ವರ್ಷ ನಾನು ಮೂರು ಸಲ ತೀರ್ಥಹಳ್ಳಿ ಬಸ್ಸು ಹತ್ತಿದ್ದೇನೆ.

ನಗಬೇಡಿ. (ನಮ್ಮ ಸ್ಟಾಫ್ ರೂಮಿನಲ್ಲಿ ಈಗಾಗಲೇ ಎಲ್ಲರೂ ನಕ್ಕು ಮುಗಿಸಿದ್ದಾರೆ.)

ಶುರುವಾಗಿದ್ದು ಬೇಸಿಗೆ ರಜೆಯಲ್ಲಿ, ಒಂದು ಏರ್‌ಮೇಲ್ ಲಕೋಟೆಯಿಂದ. ಮೇಲೆ ಟೈಪ್ ಮಾಡಿದ್ದ ವಿಳಾಸ ಇಷ್ಟೇ: ಶಾಲಾ ಮಾಸ್ತರರು, ಹೊಸನಗರ, ಮೈಸೂರು ರಾಜ್ಯ, ಇಂಡಿಯಾ. ಹೊಸನಗರದಲ್ಲಿ ಮಾಸ್ತರರಿಗೆ ಬರವೇ? ಅಂಚೆಯವನು ಯೋಚಿಸಿ, ಎಲ್ಲರಿಗಿಂತ ಹಿರಿಯರಾದ ನನ್ನ ಹಳೆಯ ಹೆಡ್‌ಮಾಸ್ಟರಿಗೆ ಕೊಟ್ಟ. ಅವರು ಓದಿ, ಹಿಂಬದಿಗೆ ಪೆನ್ಸಿಲಿನಲ್ಲಿ ಎರಡು ಸಾಲು ಬರೆದು ಸಾಗರಕ್ಕೆ, ನನಗೆ, ಕಳಿಸಿದರು. 'ನೀನು ಇಂಗ್ಲಿಷ್ ಎಂ.ಎ. ಮಾಡಿದ್ದು ಇಂಥದ್ದಕ್ಕೇ ಇರಬೇಕು. ಉತ್ತರ ಬರಿ.'

ಲಕೋಟೆಯಲ್ಲಿ ಕೈಯಲ್ಲಿ ಬರೆದ ಒಂದು ಪತ್ರ, ಅದರ ಜೊತೆಗೆ ಹದಿನಾಲ್ಕು ತೆಳು ಹಾಳೆಗಳು. ಕಾರ್ಬನ್ ಪ್ರತಿ, ಅಕ್ಷರ ಮಸುಕು. ಬರೆದವರು ಅಮೆರಿಕದ ಒಬ್ಬ ವಯಸ್ಸಾದ ಹೆಂಗಸು. ಇಲ್ಲಿ ಎಡಿತ್ ಎನ್ನುತ್ತೇನೆ. (ಮನೆತನದ ಹೆಸರು ಬೇಡ. ಅವರು ಈ ಅಂಕಣ ಓದುವವರಲ್ಲ. ಆದರೂ ಬೇಡ.) ಕಣ್ಣು ಮಂಜಾಗುತ್ತಿದೆ, ಅಷ್ಟರೊಳಗೆ ತಮ್ಮ ವಂಶದ ಟಿಪ್ಪಣಿಗಳನ್ನು ಮುಗಿಸಬೇಕು ಎಂದಿದ್ದರು.

ಆ ಹಾಳೆಗಳನ್ನು ನಾನು ಒಂದು ಇಡೀ ಮಧ್ಯಾಹ್ನ ಓದಿದೆ. ಬೇರೆಯವರ ಮನೆಯ ಹಿರಿಯರು ಅಷ್ಟು ಹಿತವಾಗಿರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಒಬ್ಬರ ಹೆಸರಿನ ಮುಂದೆ 'ಜೇನು ಸಾಕಿದ, ಎಂದೂ ಕಚ್ಚಿಸಿಕೊಳ್ಳಲಿಲ್ಲ.' ಇನ್ನೊಬ್ಬರ ಮುಂದೆ 'ಎಡಗೈ. ಎರಡು ಮದುವೆ. ಇಬ್ಬರ ಜೊತೆಗೂ ಜಗಳ.' ಒಬ್ಬಳ ಮುಂದೆ ಬರೀ 'ಚೆನ್ನಾಗಿ ಈಜುತ್ತಿದ್ದಳು.' ನಾವು ತಿಥಿಯ ದಿನ ಮೂರು ತಲೆಮಾರಿನ ಹೆಸರು ಹೇಳಿ ಕೈ ತೊಳೆಯುತ್ತೇವೆ. ಅವರಲ್ಲಿ ಯಾರು ಈಜುತ್ತಿದ್ದರು? ನಾಲ್ಕನೆಯವರು ಯಾರು? ನಮ್ಮ ತಂದೆಯನ್ನು ಕೇಳಿದೆ. "ಅದರಾಚೆ ಯಾರೂ ಕೇಳಿಲ್ಲ ಮಗಾ" ಎಂದು ಪೇಪರ್ ಎತ್ತಿಕೊಂಡರು.

ಎಡಿತ್‌ರ ಅಜ್ಜ ಮತ್ತು ಅಜ್ಜನ ತಮ್ಮ ಸ್ಕಾಟ್ಲೆಂಡಿನವರು. ಒಂದೇ ತಿಂಗಳಲ್ಲಿ, ಒಂದೇ ಬಂದರಿನಿಂದ, ಎರಡು ಹಡಗು ಹತ್ತಿದರು. ಅಣ್ಣ ಅಮೆರಿಕಕ್ಕೆ ಹೋದ. ಆ ಹದಿನಾಲ್ಕು ಹಾಳೆ ತುಂಬಿದ್ದು ಅವನ ಸಂತತಿ. ತಮ್ಮ ಆಂಡ್ರ್ಯೂ ರಸ್ತೆ ಕೆಲಸಕ್ಕೆಂದು ಈ ಕಡೆ ಬಂದ. ಮನೆಗೆ ಬಂದ ಅವನ ಕೊನೆಯ ಕಾಗದದಲ್ಲಿ ಹುಲಿಕಲ್ ಘಾಟಿಯ ಹೆಸರಿತ್ತಂತೆ, ಹೊಸನಗರದ ಹೆಸರಿತ್ತಂತೆ. ಅವನ ಮುಂದೆ ಟಿಪ್ಪಣಿಯಲ್ಲಿ ಮೂರೇ ಪದ.

ಇಂಡಿಯಾ. ರಸ್ತೆ. ಸುದ್ದಿಯಿಲ್ಲ.

ಅವನ ಸಮಾಧಿ ಎಲ್ಲಾದರೂ ಇದೆಯೇ, ಅದರ ಮೇಲೆ ಏನು ಬರೆದಿದೆ? ಎಡಿತ್ ಕೇಳಿದ್ದು ಅಷ್ಟೇ.

ಹೊಸನಗರಕ್ಕೆ ಹೋದೆ. ಹೆಡ್‌ಮಾಸ್ಟರು ತಕ್ಷಣ, ಹಳೇ ರಸ್ತೆಯ ಬದಿಗೆ ದೊರೆ ಕಲ್ಲು ಅಂತ ಒಂದಿತ್ತು, ಅಣೆಕಟ್ಟೆ ತುಂಬಿದಾಗ ಅಲ್ಲಿದ್ದ ಹಳ್ಳಿಯ ಜೊತೆಗೆ ಅದೂ ಮುಳುಗಿತು ಎಂದರು. ಮುಳುಗಿದ ಜಾಗವನ್ನು ದೂರದಿಂದ ತೋರಿಸಿದರು. ಹಳೆಯ ರಸ್ತೆ ಇಳಿಜಾರಿನಲ್ಲಿ ನಿಧಾನವಾಗಿ ನೀರಿನೊಳಗೆ ಹೋಗುತ್ತದೆ, ಎರಡು ಬದಿಗೂ ಸಾಲುಮರಗಳನ್ನು ಕರೆದುಕೊಂಡೇ. ಸ್ವಲ್ಪ ದೂರದವರೆಗೆ ಮರದ ತುದಿಗಳು ಕಾಣುತ್ತವೆ. ಆಮೇಲೆ ಬರೀ ಬೆಳಕು. ಕೆಳಗೆ ರಸ್ತೆ ಇನ್ನೂ ಹೋಗುತ್ತಲೇ ಇರಬೇಕು ಅನ್ನಿಸಿತು. ಯಾರೋ ಅದರ ಮೇಲೆ ನಡೆಯುತ್ತಿರಲೂಬಹುದು.

ವಿಷಾದವಾಗಿದೆ, ಸಮಾಧಿ ನೀರಿನಡಿ ಇದೆ. ಎಡಿತ್‌ಗೆ ಹೀಗೇ ಬರೆಯುವುದೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ನಮ್ಮ ಮಾತು ಕೇಳುತ್ತ ನಿಂತಿದ್ದ ಶಾಲೆಯ ಮುದಿ ಜವಾನ ಗಂಟಲು ಸರಿ ಮಾಡಿಕೊಂಡ.

"ಕಲ್ಲು ಮುಳುಗಿಲ್ಲ ಅಮ್ಮ. ಅದು ಲಾರಿ ಹತ್ತಿ ತೀರ್ಥಹಳ್ಳಿ ಕಡೆ ಹೋಯ್ತು."

ಜವಾನನಿಂದ ದಾರಿಯ ಗುರುತು ಕೇಳಿಕೊಂಡು ಶ್ರಾವಣದಲ್ಲಿ ಹೊರಟೆ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ, ಇಳಿದು, ಒಂದು ಗಂಟೆ ನಡೆದರೆ ಮುಳುಗಡೆಯವರಿಗೆ ಕಾಡು ಕಡಿದು ಕೊಟ್ಟ ಜಾಗ. ಮರದ ಬುಡಗಳು ಇನ್ನೂ ಹಾಗೇ ಇವೆ. ಅವುಗಳ ಮಧ್ಯೆ ಹೊಸ ಹೆಂಚಿನ ಮನೆಗಳು. ಒಂದು ಅಂಗಳದ ಮೂಲೆಯಲ್ಲಿ, ನೇರಳೆ ಮರದ ಕೆಳಗೆ, ಸೊಂಟದೆತ್ತರದ ಕಲ್ಲು. ಕೆಮ್ಮಣ್ಣು, ಎಣ್ಣೆ, ಕುಂಕುಮ ಪದರಗಟ್ಟಿ ಮೈಯೆಲ್ಲ ದಪ್ಪ. ಒಂದಕ್ಷರ ಕಾಣದು.

ಮನೆಯ ಹಿರಿಯಾಕೆ ಬಂಗಾರಮ್ಮ. ಮಗ ಕೆರಿಯಪ್ಪ, ಸೊಸೆ, ಮೊಮ್ಮಕ್ಕಳು. ಮುಳುಗಿದ ಊರಿನಲ್ಲಿ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಮಜ್ಜಿಗೆ ಕೊಟ್ಟರು. ಕುಡಿದೆ. ಅಮೆರಿಕದ ಪತ್ರದ ವಿಷಯ ಹೇಳಿ ನೋಟ್‌ಬುಕ್ ತೆಗೆದೆ.

ಬಂಗಾರಮ್ಮ ನನ್ನ ಮುಖ ನೋಡಲಿಲ್ಲ, ಪೆನ್ನು ನೋಡಿದರು.

"ಬರ್ಕಳಕ್ಕೆ ಬಂದ್ರಾ?"

ಆಮೇಲೆ ಕೆರಿಯಪ್ಪ ವಿವರಿಸಿದರು. ಅಣೆಕಟ್ಟೆ ತುಂಬುವ ಮೊದಲು ಒಬ್ಬ ಸಾಹೇಬರು ಬಂದಿದ್ದರಂತೆ. ಬಹಳ ಒಳ್ಳೆಯ ಮನುಷ್ಯ. ಇದೇ ಬಂಗಾರಮ್ಮ ಕೊಟ್ಟ ಮಜ್ಜಿಗೆ ಕುಡಿದು, ಮನೆಯವರ ಹೆಸರು, ದನಗಳ ಲೆಕ್ಕ, ಹಲಸಿನ ಮರ ಎಷ್ಟು ಎಲ್ಲ ಬರೆದುಕೊಂಡರು. ಮಾರನೆಯ ವರ್ಷ ನೋಟೀಸು ಬಂತು. ಅದರ ಮಾರನೆಯ ವರ್ಷ ನೀರು ಬಂತು.

"ಈಗ ಅಮೆರಿಕದೋರು ನಮ್ಮ ಅಜ್ಜನ್ನ ತಗಂಡು ಹೋಗ್ತಾರಾ?" ಬಂಗಾರಮ್ಮ ಕೇಳಿದರು.

ಇಲ್ಲ, ಅದರ ಮೇಲೆ ಬರೆದಿರುವುದನ್ನು ತಿಳಿಯಬೇಕಂತೆ, ಅಷ್ಟೇ ಎಂದೆ.

"ಬರ್ಕಂಡ್ಮೇಲೆ ಉಳಿದದ್ದು ಎಂತ ಇದೆ ಅಮ್ಮಾರೇ?"

ನಾನು ಪೆನ್ನಿನ ಕ್ಯಾಪ್ ಹಾಕಿದೆ.

ಪೆನ್ನು ಚೀಲಕ್ಕೆ ಹೋದ ಮೇಲೆ ಮಾತು ಸಲೀಸಾಯಿತು. ಬಂಗಾರಮ್ಮನ ಗಂಡನ ಅಜ್ಜ ಆ ರಸ್ತೆಗೆ ಮಣ್ಣು ಹೊತ್ತವರು. ದೊರೆ ಜ್ವರ ಬಂದು ಡೇರೆಯಲ್ಲಿ ಸತ್ತ. ಬೇರೆ ದೊರೆಗಳು ಬಂದು ಕಲ್ಲು ನಿಲ್ಲಿಸಿ ಹೋದರು, ಮತ್ತೆ ಬರಲಿಲ್ಲ. ಒಂದು ಜೀವ ಹೀಗೆ ದಾರಿ ಬದಿಗೆ ಯಾರೂ ಇಲ್ಲದೆ ಇರಬಾರದು ಅಂತ ಆ ಅಜ್ಜ ದೀಪ ಇಟ್ಟರು. ಮಹಾಲಯ ಪಕ್ಷದಲ್ಲಿ ಮನೆಯ ಹಿರಿಯರಿಗೆ ಎಡೆ ಹಾಕುವಾಗ ಒಂದು ಎಲೆ ಹೆಚ್ಚಿಗೆ ಹಾಕಿದರು. ಆ ಎಲೆ ಮಗನಿಗೆ ಬಂತು, ಮೊಮ್ಮಗನಿಗೆ ಬಂತು. ಹೆಸರು ಹೋಗಿ 'ದೊರೆ ಅಜ್ಜ' ಉಳಿಯಿತು. ಎಲೆಯಲ್ಲಿ ಅನ್ನ, ಮೀನು, ಹೆಂಡ, ಒಂದು ಚುಟ್ಟಾ. ದೊರೆಯಾದ್ದರಿಂದ ಪೇಟೆಯಿಂದ ಒಂದು ಬನ್ನು.

ಊರು ಬಿಡುವ ದಿನ ಲಾರಿಯವನು ಕಲ್ಲನ್ನೆಲ್ಲ ಹೇರಲಾಗದು ಎಂದನಂತೆ. ಬಂಗಾರಮ್ಮ ಹೋಗಿ ಕಲ್ಲಿನ ಪಕ್ಕ ಕೂತರು. ಸಾಯಂಕಾಲದವರೆಗೆ ಕೂತರು. ಕೊನೆಗೆ ಲಾರಿಯವನೇ ಒಂದು ಕಡೆ ಕೈ ಕೊಟ್ಟು ಎತ್ತಿಸಿದ. ಹಾಸಿಗೆ ಸುರುಳಿಗಳ ಮೇಲೆ ಮಲಗಿಸಿಕೊಂಡು, ಅಕ್ಕಪಕ್ಕ ಎರಡು ದನ ನಿಲ್ಲಿಸಿಕೊಂಡು, ಆಂಡ್ರ್ಯೂ ತಾನು ಹಾಕಿಸಿದ ರಸ್ತೆಯ ಮೇಲೇ ಊರು ಬಿಟ್ಟ.

ಕೆಮ್ಮಣ್ಣು ಕೆರೆಯುವ ಹಾಗಿಲ್ಲ. ವರ್ಷಕ್ಕೊಂದೇ ಸಲ, ಎಡೆ ಹಾಕುವ ದಿನ, ತೊಳೆಯುವುದು. "ಆವತ್ತು ಬನ್ನಿ, ಕಣ್ತುಂಬ ನೋಡಿ. ಬರ್ಕಳದು ಬ್ಯಾಡ" ಎಂದರು ಬಂಗಾರಮ್ಮ. ಒಪ್ಪಿಕೊಂಡೆ.

ಆ ದಿನ ನೋಟ್‌ಬುಕ್ಕನ್ನು ಸಾಗರದಲ್ಲೇ ಬಿಟ್ಟು ಹೋದೆ. ಬಂಗಾರಮ್ಮ ಸೀಗೆಪುಡಿ, ಬಿಸಿನೀರು, ತೆಂಗಿನ ನಾರು ಹಿಡಿದು ಕಲ್ಲಿಗೆ ತಲೆಯಿಂದ ಸ್ನಾನ ಮಾಡಿಸಿದರು. ಮುದುಕರ ಬೆನ್ನು ಉಜ್ಜುವ ಹಾಗೆ, ನೋಯದಂತೆ. ಕೆಂಪು ನೀರು ಹರಿದು ನೇರಳೆ ಮರದ ಬುಡಕ್ಕೆ ಹೋಯಿತು. ಎರಡನೇ ಕೊಡ ಮುಗಿಯುವಷ್ಟರಲ್ಲಿ ಒಂದೊಂದೇ ಅಕ್ಷರ ಎದ್ದು ಬಂತು. ಯಾರೋ ನಿದ್ದೆಯಿಂದ ಎದ್ದು ಕಣ್ಣು ಬಿಡುತ್ತಿದ್ದ ಹಾಗಿತ್ತು.

ಗಟ್ಟಿಯಾಗಿ ಓದಿದೆ. ಹೆಸರು. ಹುಟ್ಟಿದ ಊರು. ಜ್ವರದಿಂದ ತೀರಿಕೊಂಡದ್ದು. ಇಸವಿ. ಕೊನೆಯ ಸಾಲು ವಯಸ್ಸು. ಇಪ್ಪತ್ತಮೂರು.

ಬಂಗಾರಮ್ಮನ ಕೈ ನಿಂತಿತು. ಯಾರಿಗೆ ಇಪ್ಪತ್ತಮೂರು ಎಂದು ಕೇಳಿದರು. ಅಜ್ಜನಿಗೆ ಎಂದೆ.

(ನನಗೇ ಇಪ್ಪತ್ತಾರು.)

"ಅಷ್ಟು ಸಣ್ಣೋನಿಗೆ ಹೆಂಡ, ಚುಟ್ಟಾ ಇಟ್ಟಿದ್ವಲ್ಲ ಮಾರಾಯ್ತಿ, ಇಷ್ಟು ವರ್ಷ" ಎಂದರು ಬಂಗಾರಮ್ಮ. ನನಗೆ 'ಅಮ್ಮಾರೇ' ಹೋಗಿ 'ಮಾರಾಯ್ತಿ' ಬಂದದ್ದು ಆಗಲೇ.

"ಅದಕ್ಕೇ ಇರ್ಬೇಕು, ಅಜ್ಜ ಒಂದಿನಾನೂ ನಮ್ಮೇಲೆ ಕೋಪ ಮಾಡ್ಕಂಡಿಲ್ಲ" ಎಂದರು ಕೆರಿಯಪ್ಪ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಂಗಾರಮ್ಮ ನಗಲಿಲ್ಲ. ಒಳಗೆ ಹೋಗಿ, ಅಜ್ಜನಿಗೆ ಹಾಕಿದ್ದ ಎಲೆಯಿಂದ ಚುಟ್ಟಾ ಎತ್ತಿದರು, ಹೆಂಡದ ಲೋಟ ಎತ್ತಿದರು. ಆ ಜಾಗಕ್ಕೆ ಎರಡು ಕಡುಬು, ಬೆಲ್ಲ, ಒಂದು ಲೋಟ ಹಾಲು ಬಂತು. ಬನ್ನು ಮಾತ್ರ ಹಾಗೇ ಉಳಿಯಿತು.

ಎಲೆಯ ಮುಂದೆ ಕೂತೇ ಕೇಳಿದರು. ಆಗ ಅವನ ಅವ್ವ ಇದ್ದಳಾ?

ಇದ್ದಳು. ಎಡಿತ್‌ರ ಎರಡನೇ ಹಾಳೆಯಲ್ಲಿ ಅವಳ ಮುಂದೆ ಒಂದೇ ಸಾಲು: 'ನಡೆಯಲಾಗದವರೆಗೂ ಪ್ರತಿ ಶನಿವಾರ ಅಂಚೆ ಕಚೇರಿಗೆ ನಡೆದು ಹೋಗುತ್ತಿದ್ದಳು.' ಆಗ ನನಗೆ ಅದು ಒಬ್ಬ ಮುದುಕಿಯ ವಾಕಿಂಗ್ ಅನ್ನಿಸಿತ್ತು. ಬಂಗಾರಮ್ಮನಿಗೆ ಹೇಳುವಾಗ ಅರ್ಥವಾಯಿತು.

ಅವರು ಹಾಲಿನ ಲೋಟವನ್ನು ಎಲೆಗೆ ಇನ್ನಷ್ಟು ಹತ್ತಿರ ಸರಿಸಿದರು.

"ಬರ್ಕ. ಅವಳಿಗೆ ಬರಿ."

ಆ ತಾಯಿ ಹೋಗಿ ಎಷ್ಟೋ ಕಾಲವಾಯಿತು ಎಂದೆ.

"ಅಷ್ಟು ಗೊತ್ತಿಲ್ವಾ ನಂಗೆ? ಮನೆಯೋರಿಗೆ ಗೊತ್ತಾದ್ರೆ ಅವಳಿಗೂ ಗೊತ್ತಾದಂಗೆ." ಸ್ವಲ್ಪ ತಡೆದು ಸೇರಿಸಿದರು. "ಈ ಊರಿನ ಹೆಸ್ರು ಮಾತ್ರ ಬ್ಯಾಡ."

ಬಸ್ಸಿನಲ್ಲಿ ಕಾಗದವಿಲ್ಲ. ಟಿಕೆಟ್ಟಿನ ಹಿಂದೆ ಬರೆಯಲು ಮನಸ್ಸಾಗಲಿಲ್ಲ. ಸಾಗರ ಬರುವವರೆಗೂ ಆ ಐದು ಸಾಲುಗಳನ್ನು ಮಗ್ಗಿಯ ಹಾಗೆ ಹೇಳಿಕೊಳ್ಳುತ್ತ ಬಂದೆ. ಕಿಟಕಿಯಾಚೆ ಕಾಡು, ಗದ್ದೆ, ಮತ್ತೆ ಕಾಡು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಬರೆದೆ. ಎಡಿತ್‌ಗೆ ಎಲ್ಲವನ್ನೂ ತಿಳಿಸಿದೆ. ಮೂಳೆಗಳು ನೀರಿನಡಿ, ಕಲ್ಲು ಒಂದು ಅಂಗಳದಲ್ಲಿ. ಯಾವ ಅಂಗಳ ಎಂದು ಹೇಳಲಾರೆ, ಕಾರಣ ಹೀಗಿದೆ ಎಂದು ಆ ಮಜ್ಜಿಗೆ ಕುಡಿದ ಸಾಹೇಬರ ಕಥೆಯನ್ನೂ ಬರೆದೆ. (ಆ ಊರಿನ ಹೆಸರನ್ನು ಇಲ್ಲಿಯೂ ಬರೆದಿಲ್ಲ. ಗಮನಿಸಿದ್ದೀರಾ?)

ಉತ್ತರ ಕಳೆದ ವಾರ ಬಂತು. ಕೈಬರಹ ಮೊದಲಿಗಿಂತ ದೊಡ್ಡದಾಗಿದೆ, ಸಾಲುಗಳು ಓರೆಯಾಗಿವೆ. ಊರಿನ ಹೆಸರನ್ನು ಅವರು ಕೇಳಿಲ್ಲ. ಆಂಡ್ರ್ಯೂನ ಹಾಳೆಯನ್ನು ಹೊಸದಾಗಿ ಟೈಪ್ ಮಾಡಿ ಕಳಿಸಿದ್ದಾರೆ. ಅವನ ಹೆಸರಿನ ಕೆಳಗೆ, ಮಕ್ಕಳ ಹೆಸರು ಬರುವ ಕಡೆ, ಅರ್ಧ ಪುಟ ಖಾಲಿ. 'ಇಷ್ಟು ವರ್ಷ ಇವನಿಗೆ ಎಲೆ ಹಾಕಿದವರ ಹೆಸರುಗಳನ್ನು ಅವರು ಒಪ್ಪಿದರೆ ಇಲ್ಲಿ ಬರೆದು ಕಳಿಸಿ. ಒಪ್ಪದಿದ್ದರೆ ಖಾಲಿಯಾಗಿಯೇ ಕಳಿಸಿ. ಆ ಜಾಗಕ್ಕೆ ಬೇರೆ ಯಾರನ್ನೂ ಹಾಕುವುದಿಲ್ಲ.'

ಮೊನ್ನೆ ಭಾನುವಾರ ಮೂರನೇ ಸಲ ಬಸ್ಸು ಹತ್ತಿದೆ. ಕಲ್ಲಿಗೆ ಮತ್ತೆ ಕೆಮ್ಮಣ್ಣು ಬಳಿದಾಗಿತ್ತು. ನಾನು ಪತ್ರವನ್ನು ಕನ್ನಡದಲ್ಲಿ ಹೇಳಿದೆ. ಬಂಗಾರಮ್ಮ ಹಾಳೆಯನ್ನು ಕೈಗೆ ತೆಗೆದುಕೊಂಡು ಖಾಲಿ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಓದು ಬರದವರು. ಆದರೂ ಎಷ್ಟು ಜನ ಹಿಡಿಯಬಹುದೆಂದು ಅಳೆಯುತ್ತಿದ್ದ ಹಾಗಿತ್ತು.

ಆಮೇಲೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಒಂದೊಂದೇ ಹೆಸರು ಹೇಳಿದರು. ಮಣ್ಣು ಹೊತ್ತ ಅಜ್ಜ, ಅವನ ಹೆಂಡತಿ, ಮಾವ, ಅತ್ತೆ. ಗಂಡನ ಹೆಸರು ಬಂದಾಗ ಸುಮ್ಮನಾದರು. ಅದನ್ನು ಕೆರಿಯಪ್ಪ ಹೇಳಿದರು. ಮೊಮ್ಮಕ್ಕಳು ಬಂದರು. ಹೋದ ತಿಂಗಳು ಹುಟ್ಟಿದ, ಇನ್ನೂ ಹೆಸರಿಡದ ಕೂಸು 'ಕೂಸು' ಎಂದೇ ಬಂತು. ಸಂಬಂಧ ಏನೆಂದು ಬರೆಯಲಿ ಎಂದು ಕೇಳಿದೆ, ಅವರ ಟಿಪ್ಪಣಿಯಲ್ಲಿ ಅದಕ್ಕೊಂದು ಜಾಗವಿದೆ. ಬಂಗಾರಮ್ಮ ಮಗನ ಮುಖ ನೋಡಿದರು.

"ಒಂದೇ ಲಾರೀಲಿ ಬಂದೋರು ಅಂತ ಬರೀರಿ" ಎಂದರು ಕೆರಿಯಪ್ಪ. ಹಾಗೇ ಬರೆದೆ.

ಹೊರಟು ನಿಂತಾಗ ಬಂಗಾರಮ್ಮ ಅಂಗಳದವರೆಗೆ ಬಂದು ನನ್ನ ಚೀಲವನ್ನು ಹಿಡಿದುಕೊಂಡರು. ಹಾಳೆ ಒಳಗಿತ್ತು.

"ತಂಗೀ, ಇದನ್ನ ಬರ್ಸಿದ್ಮೇಲೆ ಯಾರೂ ಜಾಗ ಬಿಟ್ಟು ಏಳಿ ಅನ್ನಲ್ಲ ಅಲ್ದಾ?"

ಅನ್ನುವುದಿಲ್ಲ ಎಂದೆ. ಈ ಒಂದು ಹಾಳೆಯ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಬಲ್ಲೆ. ಜೇನು ಸಾಕಿದವರ, ಎಡಗೈಯವರ, ಈಜುವವರ ಪಕ್ಕದಲ್ಲಿ ಈಗ ಅವರೂ ಇರುತ್ತಾರೆ.

ಹೆಸರು ಬರೆಸಿದವರಿಗೆ ಕೂರಲು ಜಾಗ ಕೊಡುವ ಪಟ್ಟಿ ನಮ್ಮ ಕಚೇರಿಗಳಲ್ಲಿ ಒಂದಾದರೂ ಇದೆಯೇ?