ಕೆಂಪು ಪಟ್ಟಿಯ ಕೆಳಗೆ

"ಜಯಮಾಲಾಬಾಯಿಗಿ ಗಂಡ ಇಲ್ಲ ಅಂತ ಯಾರಂದಾರ? ಸೈಕಲ್ ಹ್ಯಾಂಡಲ್ ಹಿಡಕೊಂಡು ದಿನಾ ತಿರುಗಾಡಸ್ತಾಳ ನೋಡು, ಅಂವನೇ!"

ಗಡಿಯಾಚೆ, ಮಹಾರಾಷ್ಟ್ರದ ನಿಲಂಗಾದ ಆ ಓಣಿಯಲ್ಲಿ ನಳದ ಮುಂದೆ ಕೊಡ ಇಟ್ಟು ಕಾಯುವ ಹೆಂಗಸರು ಹೀಗೆ ಆಡಿಕೊಳ್ಳುತ್ತಿದ್ದರು. ಮಾತಿನಲ್ಲಿ ಹುಳಿಯಿತ್ತು, ವಿಷವಿರಲಿಲ್ಲ. ಅದೇ ಬಾಯಿಂದ ಇನ್ನೊಂದು ಮಾತೂ ಬರುತ್ತಿತ್ತು: "ರಂಭಾಬಾಯಿ ಮನಿಗಿ ಎರಡು ಬಾಗಲ, ಎರಡು ಒಲಿ. ಉಪ್ಪಿನ ಡಬ್ಬಿ ಮಾತ್ರ ಒಂದೇ."

ಎರಡನೆಯ ಮಾತು ನೂರಕ್ಕೆ ನೂರು ನಿಜ. ಜಯಮಾಲಾ ಹುಮನಾಬಾದ ಕಡೆಯವಳು. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಟ್ರಂಕು ಹಿಡಿದು ನಿಲಂಗಾದ ಖಾಸಗಿ ಹೆರಿಗೆ ಆಸ್ಪತ್ರೆಗೆ ನರ್ಸಾಗಿ ಬಂದಳು. ಬೀದಿಯೆಲ್ಲ ಮರಾಠಿ, ಒಲೆಯ ಮುಂದೆ ಕನ್ನಡ ಆಡುವ ಲಿಂಗವಂತರ ಒಕ್ಕಲುಮನೆಯೊಂದು ಸಿಕ್ಕಿತು. ಅಂಗಳದ ಆಚೆಯ ಕೋಣೆಯನ್ನು ಬಾಡಿಗೆಗೆ ಹಿಡಿದಳು. ಆ ಮನೆಯ ಸೊಸೆ ರಂಭಾಬಾಯಿ ಆಗ ದಿನ ತುಂಬಿದ ಬಸುರಿ. ನೋವು ಬಂದ ದಿನ ಡಾಕ್ಟರು ಲಾತೂರಿಗೆ ಹೋಗಿದ್ದರು. ಅಳದೆ ನೀಲಿಗಟ್ಟಿ ಹುಟ್ಟಿದ ಕೂಸಿನ ಬಾಯೊಳಗಿನ ಲೋಳೆ ತೆಗೆದು, ಬೆನ್ನು ತಿಕ್ಕಿ ಅಳಿಸಿದವಳು ಜಯಮಾಲಾ. ಆ ಕೂಸೇ ಋಷಿಕೇಶ.

"ಇದು ನಿನ್ನ ಮನಿ. ಇನ್ನೊಮ್ಮಿ ಬಾಡಿಗಿ ಮಾತ ತಗದ್ರ ನಾಲಿಗಿ ಸೀಳತೀನಿ" ಎಂದಳು ರಂಭಾಬಾಯಿ, ಬಾಣಂತಿ ಕೋಣೆಯಿಂದಲೇ. ಜಯಮಾಲಾ ನಂಬಿದಳು. ಹುಮನಾಬಾದದಲ್ಲಿ ಅಣ್ಣಂದಿರು ಮನೆ ಪಾಲು ಮಾಡಿ ಗೋಡೆ ಎಬ್ಬಿಸುವಾಗ ಅವಳ ಪಾಲಿಗೆ ಒಂದು ಗೂಡನ್ನೂ ಬಿಟ್ಟಿರಲಿಲ್ಲ. ಲೋಕದಲ್ಲಿ ಅವಳಿಗೆ ಮನೆ ಅಂತ ಇದ್ದರೆ ಇದು, ತನ್ನವಳು ಅಂತ ಇದ್ದರೆ ರಂಭಾ. ಹೀಗೆಯೇ ಇಪ್ಪತ್ತೆಂಟು ವರ್ಷ ನಡೆಯಿತು.

ಸೈಕಲ್ಲು ಅವಳಿಗೆ ಶೋಕಿಯಾಗಿರಲಿಲ್ಲ. ಡ್ಯೂಟಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಎದ್ದು ಬರಲಾಗದ ಬಾಣಂತಿಯರನ್ನೂ ಮುದುಕರ ಹುಣ್ಣುಗಳನ್ನೂ ನೋಡಿ ಬರುತ್ತಿದ್ದಳು. ಡಾಂಬರು ಮುಗಿದು ಮುರುಮಿನ ಕಲ್ಲುದಾರಿ ಶುರುವಾಗುವಲ್ಲಿ ಅವಳ ಹಳೆಯ ಕಬ್ಬಿಣದ ಗಾಡಿ ಅವಳ ಸೊಂಟದ ಕೀಲನ್ನೆಲ್ಲ ಎಣಿಸುತ್ತಿತ್ತು. ಒಂದು ದಿನ ಮೊಬೈಲಿನಲ್ಲಿ, ಯಾವುದೋ ದೇಶದ ನರೆಗೂದಲಿನ ಹೆಂಗಸು ಇಂಥದೇ ಕಲ್ಲುದಾರಿಯಲ್ಲಿ ಹಾಡಿಕೊಂಡು ಹೋಗುವುದನ್ನು ಕಂಡಳು. ಗ್ರ್ಯಾವೆಲ್ ಸೈಕಲ್ಲಂತೆ. ಚೌಕಟ್ಟು ಕಬ್ಬಿಣದ್ದಲ್ಲ, ಕಾರ್ಬನ್ ನೂಲಿನದಂತೆ. ಉದಗೀರದಲ್ಲಿ ಡಾಕ್ಟರು, ಮಾಸ್ತರರ ಸೈಕಲ್ ಗುಂಪೊಂದಿತ್ತು. ಕಬ್ಬಿಣದ ಗಾಡಿಯಲ್ಲೇ ಅವರ ಸಮಕ್ಕೆ ಏರು ಹತ್ತಿದ ಅವಳನ್ನು ಕಂಡು ಅವರು, "ತಾಯಿ, ಒಂದು ಛಲೋ ಗಾಡಿ ಮಾಡ್ಕೋರಿ. ಉಮರ್ಗಾ ತನಕ ನಮ್ಮ ಸಂಗಾಟ ಬರ್ರಿ" ಎಂದಿದ್ದರು. ಆ ಮಾತು ಅವಳೊಳಗೆ ಬಿತ್ತಿದಂತಾಯಿತು.

ಕೂಡಿಟ್ಟ ಹಣ ತೆಗೆದು ಚೌಕಟ್ಟು ತರಿಸಲು ಬರೆದಾಗ ಚೀನಾದ ಕಾರ್ಖಾನೆಯವರು ಮೊದಲು ಕೇಳಿದ್ದು ಕಾಲಿನ ಅಳತೆ. ಗೋಡೆಗೆ ಒರಗಿ ನಿಂತ ಅವಳ ಒಳತೊಡೆಯಿಂದ ಹಿಮ್ಮಡಿಯವರೆಗೆ ದರ್ಜಿಯ ಟೇಪು ಹಿಡಿದು ರಂಭಾಬಾಯಿ ಬಿದ್ದುಬಿದ್ದು ನಕ್ಕಳು.

"ಅಗ ಬಾಯಿ! ಐವತ್ತಕ್ಕ ಬಿದ್ದ ಮ್ಯಾಲ ಪ್ಯಾಂಟ ಹೊಲಸ್ತಿ ಏನ?"

"ಪ್ಯಾಂಟಲ್ಲ, ಕುದುರಿ. ಕುದುರಿ ನನ್ನ ಕಾಲಿನ ಅಳತಿದು ಇರಬೇಕು."

"ಹಂಗಾರ ಎರಡು ಬೆರಳು ಹೆಚ್ಚಿಗಿ ಬರಿ. ಇನ್ನೂ ಬೆಳಿಯೂ ವಯಸ್ಸು ನಿಂದು!"

ಮೂರು ವಾರ ಮುಂಬಯಿಯ ಕಸ್ಟಮ್ಸಿನಲ್ಲಿ ಕೂತು ಎದ್ದು, ಪೆಟ್ಟಿಗೆ ಕೊನೆಗೂ ಅಂಗಳಕ್ಕೆ ಬಂತು. ಓಣಿಗೆ ಓಣಿಯೇ ನೆರೆಯಿತು. ಎದುರುಮನೆಯ ಬಾಳಮ್ಮ ಕರಿಯ ಚೌಕಟ್ಟನ್ನು ಎರಡು ಬೆರಳಲ್ಲಿ ಎತ್ತಿ, "ಇದರೊಳಗ ಏನೂ ಇಲ್ಲಲ್ಲೇ ಯವ್ವಾ! ನನ್ನ ಲಟ್ಟಣಗಿನೇ ಇದಕ್ಕಿಂತ ವಜ್ಜ ಅದ" ಎಂದಳು.

ಜೋಡಿಸುವ ಕೆಲಸಕ್ಕೆ ಪುಣೆಯವರನ್ನು ಕೇಳು ಎಂದು ಉದಗೀರದ ಗುಂಪಿನವರು ಹೇಳಿದರು. ಜಯಮಾಲಾ ಕೇಳಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಋಷಿಕೇಶ ಸೈಕಲ್ ಅಂಗಡಿ ತೆರೆದು ಆರೇ ತಿಂಗಳಾಗಿತ್ತು. ಮನೆಯಲ್ಲಿ ಮಗನಿರುವಾಗ ಪುಣೆ ಯಾಕೆ? ಗಾಲಿ ಒಂದೂರಿಂದ, ಬ್ರೇಕು ಇನ್ನೊಂದೂರಿಂದ ಬಂದವು. ಸಂಜೆ ಸಂಜೆ ಇಬ್ಬರೂ ಅಂಗಳದಲ್ಲಿ ಕೂರುತ್ತಿದ್ದರು. ಬ್ರೇಕಿನ ಎಣ್ಣೆನಳಿಕೆ ಚೌಕಟ್ಟಿನ ಹೊಟ್ಟೆಯೊಳಗಿಂದ ಹಾಯ್ದು ಹೊರಬರಬೇಕು. ಎರಡು ಸಂಜೆ ತಡಕಾಡಿದರೂ ಬರಲಿಲ್ಲ. ಮೂರನೆಯ ಸಂಜೆ ಜಯಮಾಲಾ ಆಸ್ಪತ್ರೆಯ ಚಿಮುಟ ತಂದು ತೂತಿನೊಳಗೆ ಇಳಿಬಿಟ್ಟಳು.

"ಇದೂ ಒಂದು ಹೆರಿಗೀನೇ ಆಯ್ತಲ್ಲ, ಮಾವಶಿ!" ಎಂದ ಋಷಿಕೇಶ. ಕೂಸಿದ್ದಾಗಿನಿಂದ ಅವನಿಗೆ ಅವಳು ಮಾವಶಿ, ಅವ್ವನ ತಂಗಿ.

"ಬಾಯಿ ಮುಚ್ಚೋ. ತಲಿ ಕಾಣ್ಲಾಕತ್ತದ."

ಚೌಕಟ್ಟಿನ ಜೊತೆ ಬಂದ ಚೀಟಿಯನ್ನು ಅವಳು ಔಷಧದ ಚೀಟಿಯಂತೆ ಓದಿದ್ದಳು. ಸೀಟಿನ ಕಂಬಿ ಚೌಕಟ್ಟಿಗೆ ಇಳಿಯುವಲ್ಲಿ ಇರುವ ಬೋಲ್ಟನ್ನು ಇಷ್ಟೇ ಬಿಗಿಯಬೇಕು ಎಂದು ಅದರಲ್ಲಿ ಅಂಕಿ ಹಾಕಿತ್ತು. ಅದಕ್ಕೊಂದು ಬೇರೆಯೇ ಪಾನಾ, ಅಂದರೆ ಸ್ಪ್ಯಾನರು, ಬರುತ್ತದೆ; ಬಿಗಿ ಸಾಕಾದಾಗ ಟಕ್ ಎನ್ನುತ್ತದೆ. ಕಬ್ಬಿಣ ಬಿಗಿದಷ್ಟೂ ಭದ್ರ. ಕಾರ್ಬನ್ ಎಲುಬಿದ್ದಂತೆ, ಅತಿ ಬಿಗಿದರೆ ಸೀಳುತ್ತದೆ. ಋಷಿಕೇಶನಾದರೋ ಅಪ್ಪನ ಟ್ರ್ಯಾಕ್ಟರಿನ ಬೋಲ್ಟು ತಿರುಗಿಸಿ ಬೆಳೆದ ಕೈ.

"ಆ ಪಾನಾ ಬರೋ ತನಕ ಸೀಟಿನ ಬೋಲ್ಟ್ ಮುಟ್ಟಬ್ಯಾಡ."

"ನಿಮ್ಮ ಆಣಿ ಮಾವಶಿ, ಮುಟ್ಟಂಗಿಲ್ಲ."

ಎರಡು ದಿನದ ಮೇಲೆ ಡ್ಯೂಟಿ ಮುಗಿಸಿ ಬಂದರೆ ಅಂಗಳದಲ್ಲಿ ಸೈಕಲ್ಲು ಸಿಂಗಾರಗೊಂಡು ನಿಂತಿತ್ತು. ಸೀಟು ಕೂತಿತ್ತು. ಸೀಟಿನ ಕಂಬಿ ಚೌಕಟ್ಟಿಗೆ ಇಳಿಯುವ ಜಾಗಕ್ಕೆ ಮೂರು ಬೆರಳಗಲದ ಕೆಂಪು ಪಟ್ಟಿಯೊಂದು ಸುತ್ತಿತ್ತು, ಲಾರಿಗಳ ಹಿಂದೆ ಹೊಳೆಯುತ್ತದಲ್ಲ, ಅಂಥದು.

"ಪಾನಾ ಬಂತಾ?"

"ಬಂತು" ಎಂದವಳು ರಂಭಾಬಾಯಿ. "ಲಾತೂರಿನ ದೋಸ್ತಂದು. ನನ್ನ ಕಣ್ಮುಂದೇ ಬಿಗದಾನ. ಟಕ್ ಅಂತು, ಬಿಟ್ಟಾನ. ವಾಪಸ್ ಕೊಟ್ಟೂ ಕಳಿಸ್ಯಾನ."

"ಈ ಪಟ್ಟಿ ಏನೋ?"

"ಹಿಂದಿನ ಗಾಡಿಯವ್ರಿಗಿ ನೀವು ಕಾಣಬೇಕಲ್ಲ, ಮಾವಶಿ" ಎಂದ ಋಷಿಕೇಶ. ಚೈನಿಗೆ ಎಣ್ಣೆ ಬಿಡುತ್ತಿದ್ದವನು ತಲೆ ಎತ್ತಲಿಲ್ಲ.

ಜಯಮಾಲಾಳ ಕಣ್ಣು ತುಂಬಿತು. ಹೆತ್ತ ಮಗ ಕೂಡ ಇಷ್ಟು ಯೋಚಿಸುತ್ತಿರಲಿಲ್ಲ ಎಂದುಕೊಂಡಳು. ಮರುದಿನವೇ ತನ್ನ ಕಬ್ಬಿಣದ ಗಾಡಿಯನ್ನು ಆಸ್ಪತ್ರೆಯಲ್ಲಿ ಕಸ ಗುಡಿಸುವವಳಿಗೆ ಕೊಟ್ಟುಬಿಟ್ಟಳು.

ಅದೇ ವಾರ ಜಳಕೋಟದ ಅಮರನಾಥ ಎಂಬವರು ತಮ್ಮ ಮಗಳಿಗೆ ಋಷಿಕೇಶನನ್ನು ನೋಡಲು ಬಂದರು. ಚಹ ಆದ ಮೇಲೆ ರಂಭಾಬಾಯಿ, "ಜಯಾ, ಒಂದ್ ಸುತ್ತ ಹೊಡದು ತೋರ್ಸು" ಎಂದಳು. ಜಯಮಾಲಾ ಓಢಣಿ ಬಿಗಿದು ಓಣಿಯ ಈ ತುದಿಯಿಂದ ಆ ತುದಿಗೆ ಹಾರಿ ಬಂದಳು. ಅಮರನಾಥ ಸೈಕಲ್ಲನ್ನು ಒಂದು ಕೈಲಿ ಎತ್ತಿ ನೋಡಿ, "ಪರದೇಶದ ಮಾಲು ನಿಲಂಗಾದಾಗ ಜೋಡಿಸ್ಯಾನ ಅಂದ್ರ ಹುಡುಗನ ಕೈಯಾಗ ಕಸಬು ಅದ, ಬಿಡ್ರಿ" ಎಂದರು. ಸಾಖರಪುಡಾ ಎಂದು, ಸಕ್ಕರೆ ಹಂಚಿ ನಿಶ್ಚಯ ಮಾಡುವ ದಿನ ಅಲ್ಲೇ ಗೊತ್ತಾಯಿತು. ರಂಭಾಬಾಯಿ ಜಯಮಾಲಾಳನ್ನು ತಬ್ಬಿಕೊಂಡಳು. ಆ ತಬ್ಬುಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಇತ್ತು. ಜಯಮಾಲಾ ಅದನ್ನು ಸಂತೋಷವೆಂದು ತಿಳಿದಳು.

ಭಾನುವಾರ ಉದಗೀರದ ಗುಂಪು ಅವಳಿಗಾಗಿ ಕಾಯುತ್ತಿತ್ತು. ನಸುಕಿನಲ್ಲಿ ರಂಭಾಬಾಯಿ ಚಹ ಮಾಡಿಕೊಟ್ಟಳು. "ಹುಷಾರಿ" ಎಂದಳು. ಜಯಮಾಲಾ ಹೊರಟಳು. ಮುರುಮಿನ ಮೇಲೆ ಗಾಲಿ ಹಿಟ್ಟು ಜರಡಿಯಾಡಿದಂತೆ ಸರಿಯುತ್ತಿತ್ತು. ತೊಗರಿ ಹೊಲದವರು ನಿಂತು ನೋಡಿದರು. ಐವತ್ತರ ಹೆಂಗಸು, ಹೊಲ ದಾಟಿದ ಮೇಲೆ ಯಾರೂ ಇಲ್ಲದ ದಾರಿಯಲ್ಲಿ, ಎರಡು ಸಲ ಜೋರಾಗಿ ಕೂಗಿದಳು, ಸುಮ್ಮನೆ, ಖುಷಿಗೆ.

ವಲಾಂಡಿ ಹತ್ತಿರ ಬಂದಾಗ ಸೀಟಿನ ಕೆಳಗೆ ಕಿರ್ ಕಿರ್ ಶುರುವಾಯಿತು. ಸೀಟು ಒಂದು ಬೆರಳು ಇಳಿದಂತೆನಿಸಿತು. ಒಂದು ಗುಂಡಿ ಹಾಯುವಾಗ ಚಟ್ ಎಂದಿತು. ಅವಳು ಬ್ರೇಕು ಹಿಡಿದು ಕಾಲೂರಿದಳು. ಕೆಂಪು ಪಟ್ಟಿ ಒಂದು ಕಡೆ ಬಾಯಿ ಬಿಟ್ಟಿತ್ತು.

ತಳ್ಳಿಕೊಂಡು ಹೋಗಿ ತೋರಿಸಿದ ವಲಾಂಡಿಯ ಪಂಕ್ಚರ್ ಅಂಗಡಿಯವನು ಪಂಡಿತ ಎಂಬ ಮುದುಕ. ಅವನು ಬ್ಲೇಡಿನಿಂದ ಪಟ್ಟಿ ಸೀಳಿ, ಕನ್ನಡಕ ಏರಿಸಿ ನೋಡಿದ.

"ಬಾಯಿ, ಇದು ಇವತ್ತಿನ ಗಾಯ ಅಲ್ಲ. ನೋಡ್ರಿ, ಗೋಂದು ತುಂಬ್ಯಾರ. ಒಣಗಿ ಕಲ್ಲಾಗ್ಯದ. ಮ್ಯಾಲ ಬಿಳಿ ಕಾಣಬಾರ್ದು ಅಂತ ಮಸಿ ಬಳದಾರ. ಇಳಕಲಿನ್ಯಾಗ ಮುರದಿದ್ರ ಈ ಕಂಬಿ ನಿಮಗ ಎಲ್ಲಿ ಹೊಕ್ಕತಿತ್ತು ಅನ್ನೂದು ನಾ ಬಾಯಿ ಬಿಟ್ಟು ಹೇಳಂಗಿಲ್ಲ."

ಅವಳು ಬಿರುಕಿನ ಮೇಲೆ ಬೆರಳಾಡಿಸಿದಳು. ಬೆರಳು ಕಪ್ಪಾಯಿತು. ಅದು ಬಣ್ಣವಲ್ಲ, ಜಿಡ್ಡು. ಮೂಗಿನ ಹತ್ತಿರ ಹಿಡಿದಳು. ಹರಳೆಣ್ಣೆ, ಸುಟ್ಟ ಓಂಕಾಳು, ಒಂದಿಷ್ಟು ಕರ್ಪೂರ. ಆ ಓಣಿಯಲ್ಲಿ ಈಗಲೂ ಬತ್ತಿಯೊಳಗೆ ಓಂಕಾಳು ಸುತ್ತಿ ದೀಪ ಹಚ್ಚಿ, ತಾಮ್ರದ ತಟ್ಟೆಯಲ್ಲಿ ಮಸಿ ಹಿಡಿದು ಮನೆಯಲ್ಲೇ ಕಾಡಿಗೆ ಮಾಡುವವಳು ಒಬ್ಬಳೇ. ಇಪ್ಪತ್ತೆಂಟು ವರ್ಷ ಹಬ್ಬಹಬ್ಬಕ್ಕೂ ಜಯಮಾಲಾಳ ಕಣ್ಣಿಗೆ ತನ್ನ ಕೈಯಾರೆ ಹಚ್ಚಿದವಳು.

ಹುಡುಗನೊಬ್ಬನೇ ಮುಚ್ಚಿಟ್ಟಿದ್ದರೆ ಕಿವಿ ಹಿಂಡಿ ಮುಗಿಸಬಹುದಿತ್ತು. ಜಯಮಾಲಾ ಪಂಡಿತನ ಬೆಂಚಿನ ಮೇಲೆ ಕೂತಳು. ಅವನು ನೀರು ಕೊಟ್ಟ. ಲೋಟ ಹಿಡಿದಳು, ಕುಡಿಯಲಿಲ್ಲ.

ಬಾಡಿಗೆ ಜೀಪಿನ ಮೇಲೆ ಸೈಕಲ್ಲು ಹಾಕಿಸಿಕೊಂಡು ತಿರುಗಿ ಬಂದಾಗ ರಂಭಾಬಾಯಿ ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು. ಜಯಮಾಲಾ ಬೆರಳು ಚಾಚಿದಳು.

"ಇದೇನ, ರಂಭಾ?"

"ಕಾಡಿಗಿ. ದೃಷ್ಟಿಗಿ ಹಚ್ಚಿದ್ದೆ. ಓಣಿ ಕಣ್ಣು ಸುಮ್ನ ಇರ್ತಾವೇನ?"

"ದೃಷ್ಟಿಬೊಟ್ಟು ಇಟ್ಟು ಮ್ಯಾಲ ಪಟ್ಟಿ ಯಾರು ಕಟ್ತಾರ?"

ಮೊರ ನಿಂತಿತು.

"ಕೂಸು ಅಂವಾ. ಪಾನಾ ಬರೂಕಿಂತ ಮೊದ್ಲೇ ಬಿಗದಾನ, ಕೈ ತಪ್ಪಿತು. ಕುಂತು ಅಳ್ಳಾಕತ್ತಿದ್ದ, ಜಯಾ. ಜಳಕೋಟದವ್ರು ಬರೂದು ನಾಕ ದಿನ ಇತ್ತು. ಫಾರಿನ್ ಸೈಕಲ್ ಮುರದ ಅಂತ ಊರಾಗ ಹಬ್ಬಿದ್ರ ಹೆಣ್ಣು ಯಾರು ಕೊಡ್ತಿದ್ರು?"

"ನನಗೊಬ್ಬಾಕಿಗಿ ಹೇಳಬಾರದಿತ್ತ? ನಾ ಊರಾಗ ಹೇಳ್ಕೋತ ಹೋಗತಿದ್ನ?"

ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ರಂಭಾಬಾಯಿ ಕಾಳಿನಲ್ಲಿ ಕಲ್ಲು ಹುಡುಕಿದಳು.

"ಸಾಖರಪುಡಾ ಆದ ಮ್ಯಾಲ ಹೇಳವ್ರೇ ಇದ್ವಿ."

"ಮುಂಜಾನಿ ಚಾ ಕೊಟ್ಟಿ. ಹುಷಾರಿ ಅಂದಿ. ಆವಾಗ ಗೊತ್ತಿತ್ತಲ್ಲ?"

"ಓಣ್ಯಾಗ ಸುತ್ತ ಹೊಡದಾಗ ತಡೀತಲ್ಲ. ಇವತ್ತೂ ತಡೀತದ ಅನಕೊಂಡೆ. ಏನೂ ಆಗಿಲ್ಲಲ್ಲ, ದೇವ್ರು ಕಾಯ್ದಾನ."

"ನಾ ಬಿದ್ದಿದ್ರ?"

ರಂಭಾಬಾಯಿ ಮೊರ ಎತ್ತಿ ಮತ್ತೆ ಕೇರತೊಡಗಿದಳು. ಜಯಮಾಲಾ ಕಾದಳು. ಒಂದು ಸುಳ್ಳು ಹೇಳಿದ್ದರೂ ನಡೆಯುತ್ತಿತ್ತು.

ಒಳಗಿಂದ ಋಷಿಕೇಶ ಬಂದು ಬಾಗಿಲಲ್ಲಿ ನಿಂತ. "ಹೊಸಾದು ತರಿಸಿ ಕೊಡ್ತೀನಿ, ಮಾವಶಿ."

"ಸೈಕಲ್ಲಿನ ಮಾತಲ್ಲೋ. ಇದು ಮುರೀತದ ಅಂತ ನಿಮ್ಮವ್ವಗ ಹೇಳಿದ್ದಿ?"

"ಹೇಳಿದ್ದೆ." ಅವನು ತಾಯಿಯತ್ತ ನೋಡಿದ. "ನಾ ನಿಮಗ ಹೇಳ್ತೀನಿ ಅಂದೆ. ಆಕಿನೇ ಪಟ್ಟಿ ತಂದು ಕೊಟ್ಳು."

ಜಯಮಾಲಾ ತನ್ನ ಕೋಣೆಗೆ ಹೋಗಿ ಕೈ ತೊಳೆದಳು. ಆಸ್ಪತ್ರೆಯಲ್ಲಿ ತೊಳೆಯುವಂತೆ, ಮೊಣಕೈಯವರೆಗೆ.

ಓಣಿಗೆ ಒಂದು ಸೊಲ್ಲೂ ಗೊತ್ತಾಗಲಿಲ್ಲ. ಸಾಖರಪುಡಾದ ದಿನ ಅವಳೇ ಸಕ್ಕರೆ ಹಂಚಿದಳು. "ಎಲ್ಲಿ ಅದ ರೀ ನಿಮ್ಮ ಪರದೇಶದ ಸೈಕಲ್?" ಎಂದು ಅಮರನಾಥ ಕೇಳಿದರು. ರಂಭಾಬಾಯಿ ಚಹದ ತಟ್ಟೆಯನ್ನು ಬೇಗನೆ ಅವರ ಮುಂದೆ ಹಿಡಿದಳು. "ಸರ್ವಿಸಿಂಗಿಗಿ ಹೋಗ್ಯದ" ಎಂದಳು ಜಯಮಾಲಾ. ಎಲ್ಲ ಸರಿಹೋಯಿತೆಂದು ತಿಳಿದು ರಂಭಾಬಾಯಿ ಅಂದು ಬಟ್ಟಲು ತುಂಬ ತುಪ್ಪ ಹಾಕಿ ಹೋಳಿಗೆ ಕಳಿಸಿದಳು. ಆದರೆ ಜಯಮಾಲಾ ಆಗಲೇ ಉದಗೀರದ ಒಂದು ಆಸ್ಪತ್ರೆಯಲ್ಲಿ ಕೆಲಸ ಕೇಳಿದ್ದಳು, ಕೋಣೆಯೊಂದನ್ನೂ ನೋಡಿ ಬಂದಿದ್ದಳು. ಅಲ್ಲಿಯ ಮನೆಯೊಡತಿ ಬಾಡಿಗೆ ತಾರೀಖನ್ನು ಎರಡು ಸಲ ಒತ್ತಿ ಹೇಳಿದ್ದಳು. ಅದು ಜಯಮಾಲಾಳಿಗೆ ಹಿತವೆನಿಸಿತ್ತು.

ಹೊರಡುವ ದಿನ ಹಾಡಹಗಲೇ ಟೆಂಪೊ ಕರೆಸಿದಳು. ಸೈಕಲ್ಲಿನ ಗಾಲಿ, ಬ್ರೇಕು, ಹ್ಯಾಂಡಲ್ ಎಲ್ಲವನ್ನೂ ತಾನೇ ಬಿಚ್ಚಿ ಕಟ್ಟಿದ್ದಳು. ಬರಿಯ ಚೌಕಟ್ಟು ಅಂಗಳದ ಗೋಡೆಗೆ ಒರಗಿತ್ತು.

"ಇದನ್ನ ಬಿಟ್ಟೀ ಏನ, ಜಯಾ?"

"ನಿಮ್ಮ ಮನ್ಯಾಗ ಆಗಿದ್ದು. ನೀವೇ ಇಟ್ಕೋರಿ."

ರಂಭಾಬಾಯಿ ಬಟ್ಟೆಗಂಟೊಂದನ್ನು ಅವಳ ಕೈಗೆ ತುರುಕಿದಳು. ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಇನ್ನೂ ಬಿಸಿಯಿತ್ತು. "ದಾರ್ಯಾಗ ತಿನ್ನು. ಮುಂಜಾನಿಂದ ಏನೂ ತಿಂದಿಲ್ಲ ನೀ. ನಾ ನೋಡೀನಿ."

ಜಯಮಾಲಾ ಗಂಟನ್ನು ಒಂದು ಗಳಿಗೆ ಹಿಡಿದು ನಿಂತಳು. ನಿಜಕ್ಕೂ ಹಸಿದಿದ್ದಳು. ಆಮೇಲೆ ಟೆಂಪೊದವನತ್ತ ತಿರುಗಿ, "ದಾದಾ, ಉಂಡೀರೇನ? ತಗೋರಿ" ಎಂದು ಕೊಟ್ಟಳು. ಅವನು ಏನೂ ತಿಳಿಯದೆ ನಕ್ಕು ಇಸಿದುಕೊಂಡ.

ಬಾಳಮ್ಮ ತನ್ನ ಬಾಗಿಲಿಂದ ಕೂಗಿದಳು, "ದೀಪಾವಳಿಗಿ ಬರ್ತಿಲ್ಲ?"

"ಡ್ಯೂಟಿ ಇರ್ತದ, ಬಾಳಮ್ಮ."

ಖಾಲಿ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಕಟ್ಟೆಯ ಮೇಲೆ ಇಟ್ಟಳು, ರಂಭಾಬಾಯಿಯ ಕೈಗೆ ತಾಗದಷ್ಟು ದೂರದಲ್ಲಿ. ಓಢಣಿಯ ಸೆರಗು ಸಿಕ್ಕಿಸಿಕೊಂಡು ಅಂಗಳ ದಾಟಿ, ತಲೆಬಾಗಿಲು ದಾಟಿ, ಟೆಂಪೊದ ಮುಂದಿನ ಸೀಟಿಗೆ ಹತ್ತಿ ಕೂತು ಬಾಗಿಲು ಎಳೆದುಕೊಂಡಳು.