ಹೂವಿಗೆ ಕಾಯದ ಕಮಲಾಕ್ಷಮ್ಮ

ಕನ್ನಡಿ ಒರೆಸದೆ ಕಮಲಾಕ್ಷಮ್ಮ ಶಾಲೆಯ ಬಾಗಿಲು ತೆರೆದ ದಿನವಿಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಬೆರಳಿಗೆ ಅಂಟಿದ ವಿಭೂತಿಯನ್ನು ತೊಳೆಯದೆ ಹಾಗೇ ಓಣಿ ದಾಟಿ ಬರುತ್ತಾಳೆ. ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿಯ ಮೇಲೆ ಆ ಬೆರಳುಗಳನ್ನೇ ಆಡಿಸಿ, ಹಳೇ ಪಂಚೆಯ ತುಂಡಿನಿಂದ ಉಜ್ಜುತ್ತಾಳೆ. ವಿಭೂತಿಗೆ ಹೊಳೆಯುವಷ್ಟು ಗಾಜು ಇನ್ಯಾವುದಕ್ಕೂ ಹೊಳೆಯುವುದಿಲ್ಲವೆಂದು ಅವಳ ನಂಬಿಕೆ. ಆಮೇಲೆ ಕನ್ನಡಿಯ ಮುಂದೆ ನಿಂತು ತಾನೊಮ್ಮೆ ‘ಪ, ಬ, ಮ’ ಅನ್ನುತ್ತಾಳೆ. ತುಟಿ ಕೂಡಿ ಬಿಡುವುದು ಸ್ಪಷ್ಟವಾಗಿ ಕಂಡರೆ ಬಾಗಿಲು ತೆಗೆಯುತ್ತಾಳೆ. ಕಿವಿ ಕೇಳದ ಹದಿನಾಲ್ಕು ಮಕ್ಕಳು ಮಾತು ಕಲಿಯುವುದು ಆ ಕನ್ನಡಿಯಲ್ಲಿ.

ಚಳ್ಳಕೆರೆಯ ಆ ಶಾಲೆ ಮೊದಲು ಅವಳ ಮಾವನ ಎಣ್ಣೆ ಮಿಲ್ಲಿನ ಗೋದಾಮು. ಮಗಳು ದೀಪಿಕಾಗೆ ಕಿವಿ ಕೇಳಿಸುವುದಿಲ್ಲವೆಂದು ಗೊತ್ತಾದ ವರ್ಷ ಕಮಲಾಕ್ಷಮ್ಮ ಎಲ್ಲೋ ಹೋಗಿ ಮೂರು ತಿಂಗಳ ತರಬೇತಿ ಪಡೆದು ಬಂದಳು. ಮಗಳನ್ನು ಕನ್ನಡಿಯ ಮುಂದೆ ಕೂರಿಸಿ, ತುಟಿಯ ಎದುರು ಕಾಗದದ ಚೂರು ಹಿಡಿದು, ಉಸಿರಿಗೆ ಅದು ಅಲುಗುವ ತನಕ ಕಾದಳು. ‘ಅವ್ವ’ ಅನ್ನುವ ಒಂದು ಮಾತು ಬರಲು ಆರು ತಿಂಗಳು ಹಿಡಿಯಿತು. ಆ ತಾಳ್ಮೆಯನ್ನು ನೋಡಿದವರು ತಮ್ಮ ಮಕ್ಕಳನ್ನೂ ತಂದು ಬಿಟ್ಟರು. ಶಾಲೆ ಬೆಳೆದದ್ದು ಹಾಗೆ. ಅಲ್ಲಿ ಇದ್ದದ್ದು ಒಂದೇ ಕಟ್ಟುನಿಟ್ಟು: ಮಕ್ಕಳು ಕೈ ಕಟ್ಟಿ ಕೂರಬೇಕು. ಕೈ ಆಡಿದರೆ ಬಾಯಿ ಸೋಮಾರಿಯಾಗುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ದೀಪಿಕಾ ಐದು ವರ್ಷದವಳಿದ್ದಾಗ ನೀರು ಬೇಕೆಂದು ಕೈಸನ್ನೆ ಮಾಡಿದ್ದಕ್ಕೆ ಅವಳ ಕೈಮೇಲೆ ಒಂದು ಏಟು ಬಿದ್ದಿತ್ತು. ಅದನ್ನು ಇಬ್ಬರೂ ಮರೆತಿರಲಿಲ್ಲ.

ಮೊಳಕಾಲ್ಮೂರಿನಲ್ಲಿ ಇಂಥದ್ದೇ ಇನ್ನೊಂದು ಮನೆಯಿತ್ತು. ಅದನ್ನು ನಡೆಸುತ್ತಿದ್ದವಳು ಜೋಗಮ್ಮ, ಅಂಗನವಾಡಿಯಿಂದ ನಿವೃತ್ತಳಾದ ಅರವತ್ತಾರರ ಹೆಂಗಸು. ಅವಳ ತಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅವನ ಜೊತೆ ಹುಟ್ಟಿನಿಂದ ಕೈಯಲ್ಲೇ ಮಾತಾಡಿ ಬೆಳೆದವಳು, ಅವನು ತೀರಿಕೊಂಡ ಮೇಲೆ ಸುತ್ತಲ ಹಟ್ಟಿಗಳ ಹನ್ನೊಂದು ಮಕ್ಕಳನ್ನು ಕೂಡಿಸಿಕೊಂಡಿದ್ದಳು. ಮಾತು ಕಲಿಸುವುದು ಅವಳಿಗೆ ಗೊತ್ತಿರಲಿಲ್ಲ. ತರಬೇತಾದ ಶಿಕ್ಷಕಿಯನ್ನು ಇಟ್ಟುಕೊಳ್ಳುವ ಶಕ್ತಿಯೂ ಇರಲಿಲ್ಲ. ಬಾಡಿಗೆ ಮನೆಯ ಮಾಲೀಕ ಯುಗಾದಿಗೆ ಮನೆ ಬಿಟ್ಟುಕೊಡಿ ಎಂದಿದ್ದ. ಮಂಡಿ ಬೇರೆ ಸೋತಿತ್ತು. ಯಾರಾದರೂ ಕೈಹಿಡಿಯದಿದ್ದರೆ ಬೇಸಿಗೆಯ ಹೊತ್ತಿಗೆ ಆ ಮನೆ ಮುಚ್ಚುವುದೇ ಸೈ ಅನ್ನುವಂತಿತ್ತು.

ಅಂಥ ಹೊತ್ತಿನಲ್ಲಿ ಬೆಂಗಳೂರಿನ ಒಂದು ದತ್ತಿನಿಧಿಯವರು ವಾಣಿಶ್ರೀ ಎಂಬ ಹುಡುಗಿಯನ್ನು ಕಳಿಸಿದರು. ಒಂದೇ ಕೆಲಸ ಮಾಡುವ ಎರಡು ಸಣ್ಣ ಸಂಸ್ಥೆಗಳು ಒಂದಾಗಬಹುದೇ ಎಂದು ನೋಡಿಕೊಳ್ಳಲು ಒಂದು ವರ್ಷ ಅನುದಾನ ಕೊಡುತ್ತೇವೆ ಎಂದಳು ಅವಳು. ಅವತ್ತು ಜೋಗಮ್ಮ ಚಳ್ಳಕೆರೆಗೇ ಬಂದಿದ್ದಳು.

“ಅಂದ್ರೆ ಈ ದುಡ್ಡು ಮಕ್ಕಳಿಗಲ್ವೇನಮ್ಮ?” ಎಂದು ಕೇಳಿದಳು ಜೋಗಮ್ಮ.

“ಈಗ ಅಲ್ಲ. ನೀವಿಬ್ಬರೂ ಹೋಗಿ ಬಂದು ಮಾಡಿ, ಒಬ್ಬರ ಕೆಲಸ ಒಬ್ಬರು ನೋಡಿ, ಕೂತು ಮಾತಾಡಿ ತೀರ್ಮಾನ ಮಾಡೋಕೆ. ಬಸ್ಸು, ವಕೀಲರು, ನೀವು ಊರಲ್ಲಿಲ್ಲದಾಗ ಮಕ್ಕಳನ್ನ ನೋಡ್ಕೊಳ್ಳೋರು, ಎಲ್ಲದರ ಖರ್ಚೂ ನಮ್ಮದು. ಒಂದಾದ್ರೆ ಮೂರು ವರ್ಷ ಎರಡೂ ಊರಿನ ಶಿಕ್ಷಕಿಯರ ಸಂಬಳ ಕೊಡ್ತೀವಿ.”

“ಅಯ್ಯೋ ಶಿವನೇ, ಹೆಣ್ಣು ನೋಡಾಕೆ ಹೋಗೋರಿಗೆ ಬಸ್ ಚಾರ್ಜ್ ಕೊಡೋ ಪುಣ್ಯಾತ್ಮರೂ ಅದಾರಲ್ಲ!”

ಕಮಲಾಕ್ಷಮ್ಮ ನಕ್ಕಳು. “ಅದ್ಸರಿ ಜೋಗಮ್ಮ, ಇದರಾಗೆ ಹೆಣ್ಣು ಯಾರು, ಗಂಡು ಯಾರು?”

“ಮಂಡಿ ನೋವಿರೋಳೇ ಹೆಣ್ಣು. ನೀನೇ ಬಂದು ಕರ್ಕೊಂಡು ಹೋಗಬೇಕಕ್ಕ, ನನ್ನ ಕೈಲಿ ನಡೆಯಾಕಾಗಲ್ಲ.”

“ಬೇಡ ಅಂದ್ರೂ ತಪ್ಪೇನಿಲ್ಲಮ್ಮ,” ಎಂದಳು ವಾಣಿಶ್ರೀ ಎದ್ದು ಹೊರಡುವಾಗ. “ಯಾಕೆ ಬೇಡ ಅಂತ ಇದ್ದದ್ದು ಇದ್ದಂಗೆ ಬರೆದುಕೊಟ್ರೆ ಸಾಕು. ಅದರಿಂದ ಇನ್ನೊಬ್ಬರಿಗೆ ದಾರಿ ತಿಳಿಯುತ್ತೆ.”

ಎಂಟು ತಿಂಗಳು ಓಡಾಟ ನಡೆಯಿತು. ಸೋಮವಾರ ಜೋಗಮ್ಮ ಇಲ್ಲಿಗೆ, ಗುರುವಾರ ಕಮಲಾಕ್ಷಮ್ಮ ಅಲ್ಲಿಗೆ. ಜೋಗಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಹೆಸರು ಚಳ್ಳಕೆರೆಯದೇ ಇರಲಿ ಎಂದಳು, ಅಧ್ಯಕ್ಷಗಿರಿ ಅಕ್ಕನಿಗೇ ಇರಲಿ ಎಂದಳು. ಹಿಡಿದು ಕೂತದ್ದು ಒಂದೇ ಮಾತನ್ನು.

“ಬಾಯಿ ಕಲಿಸಕ್ಕ, ಅದು ನನಗೆ ಬರಲ್ಲ, ನಿನ್ನ ಕಾಲಿಗೆ ಬೀಳ್ತೀನಿ. ಆದ್ರೆ ಮಕ್ಕಳ ಕೈ ಕಟ್ಟಬ್ಯಾಡ.”

ಕಮಲಾಕ್ಷಮ್ಮ “ನೋಡೋಣ” ಎಂದಳು. ನೋಡಲೆಂದೇ ಒಂದು ಗುರುವಾರ ದೀಪಿಕಾಳನ್ನೂ ಕರೆದುಕೊಂಡು ಹೋದಳು. ದೀಪಿಕಾಗೆ ಈಗ ಇಪ್ಪತ್ತೊಂಬತ್ತು. ಮದುವೆಯಾಗಿ ದಾವಣಗೆರೆಯಲ್ಲಿದ್ದಾಳೆ, ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತಾಳೆ. ಮಾತಾಡುತ್ತಾಳೆ, ಮನೆಯವರಿಗೆ ತಿಳಿಯುತ್ತದೆ, ಹೊರಗಿನವರು ಎರಡು ಸಲ ಕೇಳುತ್ತಾರೆ.

ಅಲ್ಲಿ ಏಳು ವರ್ಷದ ತ್ರಿವೇಣಿ ಎಂಬ ಹುಡುಗಿ ಎದ್ದು ನಿಂತು ಕಥೆ ಹೇಳುತ್ತಿದ್ದಳು. ಅವಳ ಅವ್ವ ಕರಿಯಕ್ಕ ಕುರಿ ಕಾಯುವವಳು. ಮರಿಯೊಂದು ತಪ್ಪಿಸಿಕೊಂಡದ್ದು, ಅವ್ವ ಹುಡುಕಿದ್ದು, ಅದು ಕೊನೆಗೆ ಜಾಲಿ ಮರದ ಹಿಂದೆ ನಿಂತು ಇವರನ್ನೇ ನೋಡುತ್ತಿದ್ದದ್ದು, ಅಷ್ಟೂ ಆ ಎರಡು ಕೈಗಳಲ್ಲಿ ಬಂತು. ಮಕ್ಕಳು ಬಿದ್ದು ಬಿದ್ದು ನಕ್ಕವು. ಬಾಗಿಲಲ್ಲಿ ಕೂತಿದ್ದ ಕರಿಯಕ್ಕ, “ನಮಗಿದು ಹೊಸದಲ್ಲ ಅಮ್ಮಾರೆ,” ಎಂದಳು. “ಬಯಲಾಗೆ ಗಾಳಿಗೆ ಕೂಗು ಮುಟ್ಟಲ್ಲ. ಆ ದಿಣ್ಣೆ ಮ್ಯಾಲಿಂದ ಈ ದಿಣ್ಣೆಗೆ ನಾವೂ ಕಂಬಳಿ ಬೀಸಿ, ಕೈ ಬೀಸಿಯೇ ಮಾತಾಡೋದು.”

ಅರ್ಧ ಗಂಟೆ ಕಳೆಯುವುದರಲ್ಲಿ ದೀಪಿಕಾಳ ಕೈಗಳೂ ಮೇಲೆದ್ದವು. ತ್ರಿವೇಣಿ ಏನೋ ಕೇಳಿದಳು, ದೀಪಿಕಾ ತಪ್ಪುತಪ್ಪಾಗಿ ಏನೋ ತೋರಿಸಿದಳು, ಮಕ್ಕಳೆಲ್ಲ ತಿದ್ದಿದವು. ದೀಪಿಕಾ ಜೋರಾಗಿ ನಕ್ಕಳು. ಮಗಳ ಆ ನಗುವನ್ನು ಕಮಲಾಕ್ಷಮ್ಮ ಅದುವರೆಗೆ ಕೇಳಿರಲಿಲ್ಲ.

ವಾಪಸ್ಸು ಬಸ್ಸಿನಲ್ಲಿ ತಳಕು ಊರು ದಾಟಿದ ಮೇಲೆ ದೀಪಿಕಾ ತಾಯಿಯ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಳು. ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: “ಅವ್ವ, ನಂಗೆ ಯಾಕೆ ಅದು ಕಲಿಸ್ಲಿಲ್ಲ?”

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು. ಕಮಲಾಕ್ಷಮ್ಮ ಕಿಟಕಿಯ ಆಚೆ ನೋಡಿದಳು. ಜೋಗಮ್ಮನ ಮಾತಿಗೆ ಒಪ್ಪಿದರೆ ನಾಳೆ ತನ್ನ ಶಾಲೆಯಲ್ಲೂ ಹದಿನಾಲ್ಕು ಜೊತೆ ಕೈಗಳು ಬಿಡುಗಡೆಯಾಗುತ್ತವೆ. ಆಗ ಇಪ್ಪತ್ತಾರು ವರ್ಷ ಮಕ್ಕಳ ಕೈಗಳನ್ನು ಕಟ್ಟಿಸಿದ್ದು ತಪ್ಪೆಂದು ತಾನೇ ಒಪ್ಪಿಕೊಂಡಂತೆ. ಆ ಒಂದು ಏಟೂ ತಪ್ಪೆಂದಂತೆ.

ತೀರ್ಮಾನದ ಸೋಮವಾರ ಬಂತು. ಅವತ್ತು ಬೆಳಗ್ಗೆ ಕಮಲಾಕ್ಷಮ್ಮ ಊರಾಚೆಯ ವೀರಭದ್ರನ ಗುಡಿಗೆ ಹೂ ಕೇಳಲು ಹೋದಳು. ಆ ಕಡೆಯ ಜನ ಮದುವೆಗಾಗಲಿ, ಮನೆ ಕಟ್ಟಲಿಕ್ಕಾಗಲಿ ಹಾಗೆ ಕೇಳುವುದುಂಟು. ಪೂಜಾರಿ ಮರುಳಪ್ಪ ದೇವರ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಬಲದ ಹೂ ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡದ್ದು ಬಿದ್ದರೆ ಬೇಡ ಎಂದರ್ಥ. ಬೀಳುವ ತನಕ ಕಾಯಬೇಕು.

ಕಮಲಾಕ್ಷಮ್ಮ ಒಂದು ಗಂಟೆ ಕೂತಳು. ಯಾವುದೂ ಬೀಳಲಿಲ್ಲ. ಬಲದ ಹೂ ಸ್ವಲ್ಪ ಸಡಿಲಾದಂತೆ ಕಂಡಿತು. ಅವಳು ಎದ್ದು ಸೆರಗು ಹೊದ್ದಳು.

“ಯಾಕೆ ತಾಯಿ, ಎದ್ರಿ? ಹಸಿ ಹೂವು, ಆರಬೇಕು. ಮಧ್ಯಾಹ್ನದ ತನಕ ಕೂತ್ಕಳ್ರಿ,” ಎಂದ ಮರುಳಪ್ಪ.

“ಕೊಡದೆ ಇರೋದೂ ಒಂದು ಉತ್ತರಾನೇ ಅಲ್ವೇನಪ್ಪ,” ಎಂದು ಕೈಮುಗಿದು ಹೊರಟುಬಿಟ್ಟಳು.

ಸಭೆಯಲ್ಲಿ ವಾಣಿಶ್ರೀ ಕಾಗದಗಳನ್ನು ಹರಡಿಕೊಂಡು ಕೂತಿದ್ದಳು. ಜೋಗಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ಕಮಲಾಕ್ಷಮ್ಮ, “ವೀರಭದ್ರಪ್ಪ ಹೂ ಕೊಡಲಿಲ್ಲ,” ಎಂದಳು. ಅಷ್ಟೇ. ಕೈಯ ಮಾತು, ಬಾಯಿಯ ಮಾತು, ಮಗಳ ಮಾತು ಒಂದನ್ನೂ ಆಡಲಿಲ್ಲ. ದೇವರ ಹೂವಿನ ಮುಂದೆ ವಾದ ಮಾಡುವವರು ಯಾರು? ವಾಣಿಶ್ರೀ ಪೆನ್ನಿನ ಮುಚ್ಚಳ ಹಾಕಿದಳು. ಜೋಗಮ್ಮ ಎರಡು ಕೈಯನ್ನೂ ಹಣೆಗೆ ಒತ್ತಿಕೊಂಡಳು.

“ಸರೇ ಅಕ್ಕ. ಅವನೇ ಬ್ಯಾಡ ಅಂದ ಮ್ಯಾಲೆ ನಮ್ಮದೇನೈತೆ. ನೀನು ಬೇಜಾರು ಮಾಡ್ಕೋಬ್ಯಾಡ.”

ಬೇಜಾರು ಮಾಡಿಕೊಳ್ಳಬೇಡ ಎಂದು ಅವಳೇ ಸಮಾಧಾನ ಹೇಳಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.

ಯುಗಾದಿಗೆ ಮೊಳಕಾಲ್ಮೂರಿನ ಮನೆಗೆ ಬೀಗ ಬಿತ್ತು. ಜೋಗಮ್ಮ ರಾಂಪುರದಲ್ಲಿದ್ದ ತನ್ನ ಸ್ವಂತ ಅಕ್ಕನ ಮಗಳ ಮನೆ ಸೇರಿದಳು. ಹನ್ನೊಂದು ಮಕ್ಕಳಲ್ಲಿ ಮೂವರು ಮಾತ್ರ ಚಳ್ಳಕೆರೆಗೆ ಬಂದರು. ಅವರಲ್ಲಿ ತ್ರಿವೇಣಿಯೂ ಒಬ್ಬಳು. ಕಮಲಾಕ್ಷಮ್ಮ ಅವಳಿಗೆ ಕೈ ಕಟ್ಟು ಅನ್ನಲಿಲ್ಲ. ಆದರೆ ಉಳಿದ ಮಕ್ಕಳೆಲ್ಲ ಕೈ ಕಟ್ಟಿ ಕೂತದ್ದನ್ನು ನೋಡಿ ಆ ಹುಡುಗಿ ತಾನೂ ಕಟ್ಟಿಕೊಂಡಳು. ಕನ್ನಡಿಯಲ್ಲಿ ಅವಳ ಮುಖ ನಗುತ್ತಿರಲಿಲ್ಲ. ಒಂದು ತಿಂಗಳು ಬಂದಳು, ಆಮೇಲೆ ಬಿಟ್ಟಳು.

ಸಂತೆಯಲ್ಲಿ ಕರಿಯಕ್ಕ ಸಿಕ್ಕಾಗ ಕಮಲಾಕ್ಷಮ್ಮ ತಾನಾಗಿ ಕೇಳಿದಳು. “ಮಗಳನ್ನ ಯಾಕೆ ಕಳಿಸ್ತಿಲ್ಲ ಕರಿಯಕ್ಕ? ಬಸ್ಸಿನ ತೊಂದ್ರೆನಾ?”

“ಬಸ್ಸಿಂದಲ್ಲ ಅಮ್ಮಾರೆ. ಮನೇಲೂ ಸುಮ್ಕೆ ಕೂರಾಕೆ ಶುರು ಮಾಡಿದ್ಲು. ಮೊದಲು ತಲೆ ತಿನ್ನೋಳು, ಕೈ ನಿಲ್ತಾನೇ ಇರ್ಲಿಲ್ಲ. ಈಗ ಕುರಿ ಹಿಂದೆ ಬತ್ತಾಳೆ, ವಸಿ ಗೆಲುವಾಗವಳೆ.” ಕರಿಯಕ್ಕ ಗಂಟು ಎತ್ತಿಕೊಂಡು, “ನಿಮ್ಮ ಮ್ಯಾಲೆ ತಪ್ಪಿಲ್ಲ ಬಿಡ್ರಿ,” ಎಂದು ಸೇರಿಸಿದಳು. “ದೇವರು ಹೂ ಕೊಡಲಿಲ್ವಂತಲ್ಲ.”

ಆ ಮಾತು ಹೊತ್ತುಕೊಂಡು ಕಮಲಾಕ್ಷಮ್ಮ ನೆಟ್ಟಗೆ ಗುಡಿಗೆ ಹೋದಳು. ಮರುಳಪ್ಪ ಅಂಗಳ ಗುಡಿಸುತ್ತಿದ್ದ.

“ಅವತ್ತು ನಾನು ಹೋದ ಮೇಲೆ ಹೂ ಬಿತ್ತಾ ಮರುಳಪ್ಪ?”

“ಬೀಳದೆ ಎಲ್ಲಿಗೆ ಹೋಗ್ತಾವೆ ತಾಯಿ? ಸಂಜೆಗೆ ಎರಡೂ ಕೆಳಗೇ ಇದ್ವು. ಗುಡಿಸಿ ಹಾಕ್ದೆ.”

“ಯಾವುದು ಮೊದಲು ಬಿತ್ತು?”

“ನಾನು ನೋಡಲಿಲ್ಲ. ಕೇಳಿದೋರು ಎದ್ದು ಹೋದ ಮ್ಯಾಲೆ ನೋಡಿ ಯಾರಿಗೆ ಹೇಳ್ಲಿ?”

ಕಮಲಾಕ್ಷಮ್ಮ ಗುಡಿಯ ಕಟ್ಟೆಯ ಮೇಲೆ ಕೂತಳು. ಒಂದು ಮಾತಿಗೆ ಆರು ತಿಂಗಳು ಕಾದವಳು ಒಂದು ಹೂವಿಗೆ ಅರ್ಧ ದಿನ ಕಾಯಲಿಲ್ಲ. ಸಡಿಲಾದದ್ದು ಬಲದ್ದೆಂದು ಕಂಡೇ ಎದ್ದಿದ್ದಳು. ವೀರಭದ್ರ ಏನು ಹೇಳುತ್ತಿದ್ದನೋ ಅದನ್ನು ಹೇಳಲು ಬಿಡದೆ, ತನ್ನ ‘ಬೇಡ’ವನ್ನು ಅವನ ಬಾಯಿಗೆ ಹಾಕಿ ಬಂದಿದ್ದಳು.

ಅದೇ ವಾರ ರಾಂಪುರಕ್ಕೂ ಹೋಗಿ ಜೋಗಮ್ಮನಿಗೆ ಇದ್ದದ್ದನ್ನು ಹೇಳಿದಳು. ಜೋಗಮ್ಮ ಬೈಯಲಿಲ್ಲ. ಗೋಡೆಯನ್ನೇ ನೋಡುತ್ತ, “ಮೊದಲೇ ಹೇಳಿದ್ರೆ ಜಗಳನಾದ್ರೂ ಆಡ್ತಿದ್ದೆ ಕಣಕ್ಕ,” ಎಂದಳು. “ದೇವರ ಜೊತೆ ಜಗಳ ಆಡಾಕಾಗಲ್ಲ ಅಂತ ಬಾಯಿ ಮುಚ್ಕೊಂಡೆ.”

ಮಳೆಗಾಲದ ಶುರುವಿಗೆ, ಅನುದಾನದ ವರ್ಷ ಮುಗಿದ ಮೇಲೆ, ವಾಣಿಶ್ರೀ ಕೊನೆಯ ವರದಿಗೆ ಬಂದಳು. ಕನ್ನಡಿಯ ಪಕ್ಕದ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಕಮಲಾಕ್ಷಮ್ಮ ಅವಳಿಗೂ ಎಲ್ಲವನ್ನೂ ಬಿಡಿಸಿ ಹೇಳಿದಳು. ವಾಣಿಶ್ರೀ ಕೇಳಿ ಮುಗಿಸಿ ದನಿ ತಗ್ಗಿಸಿದಳು.

“ಅಮ್ಮ, ಇದೆಲ್ಲ ಬರೆಯೋದು ಬೇಡ. ದೂರ ಆಯ್ತು, ಎರಡು ತಾಲ್ಲೂಕು, ಅಲ್ಲಿ ತೆಲುಗು ಇಲ್ಲಿ ಕನ್ನಡ, ಇಬ್ಬರೂ ಒಪ್ಪಿಯೇ ಕೈಬಿಟ್ರು ಅಂತ ಬರೀತೀನಿ. ನಿಮ್ಮ ಹೆಸರಿಗೆ ಏನೂ ಅಂಟಲ್ಲ. ಮುಂದಿನ ವರ್ಷ ಈ ಶಾಲೆಗೆ ಬೇರೆ ಅನುದಾನಕ್ಕೆ ನಾನೇ ಹೇಳ್ತೀನಿ. ನಿಮ್ಮ ಕೆಲಸ ನೋಡಿದೀನಿ, ಇಷ್ಟು ಮಾಡೋಕೆ ಬಿಡಿ.”

ಕನ್ನಡಿಯ ಮುಂದೆ ಮಕ್ಕಳು ಕೂತಿದ್ದರು. ಕೈ ಕಟ್ಟಬೇಡಿ ಎಂದು ಕಮಲಾಕ್ಷಮ್ಮ ಹೇಳಿ ತಿಂಗಳಾಗಿತ್ತು. ಕಟ್ಟಿದ ಕೈ ಇನ್ನೂ ಬಿಟ್ಟಿರಲಿಲ್ಲ. ಬಿಟ್ಟು ಏನು ಮಾಡಬೇಕೆಂದು ತೋರಿಸುವವಳು ರಾಂಪುರದಲ್ಲಿದ್ದಳು.

“ಬ್ಯಾಡ ಕಣಮ್ಮ,” ಎಂದಳು ಕಮಲಾಕ್ಷಮ್ಮ. “ಇದ್ದದ್ದು ಇದ್ದಂಗೆ ಬರೆದ್ರೆ ಸಾಕು ಅಂತ ನೀನೇ ಅಂದಿದ್ದೆ. ಜೋಗಮ್ಮ ಎಲ್ಲದಕ್ಕೂ ಒಪ್ಪಿದ್ಲು, ಬೇಡ ಅಂದೋಳು ನಾನೊಬ್ಬಳೇ ಅಂತ ಬರಿ. ಯಾಕೆ ಬೇಡ ಅಂದೆ ಅನ್ನೋದನ್ನೂ ಬರಿ. ಹೂವಿನ ಮಾತು ಮಾತ್ರ ಹಾಕಬ್ಯಾಡ. ಅವನು ಏನೂ ಹೇಳೇ ಇಲ್ಲ.”